ಅಯ್ಯಪ್ಪನ ಕಾಡಿಗೆ ಹೋದ ಸ್ಟಿಕ್

"ನನ್ನ ಸ್ಟಿಕ್ ಕೊಡಿ."

"ಅದು ನಿಮ್ಮದಲ್ಲ."

"ಹಿಡಿ ಮೇಲೆ ನನ್ನ ಹೆಸರು ಬರೆದಿದೆ. ಕಣ್ಣು ಕಾಣಲ್ವಾ ನಿಮಗೆ?"

"ಕಾಣ್ತದೆ. ಹೆಸರು ನಿಮ್ಮದು. ಸ್ಟಿಕ್ ಅಯ್ಯಪ್ಪನದು."

ಲಿಖಿತಾಳಿಗೆ ಕಿರುಚಬೇಕೆನಿಸಿತು. ಭಾರತ ತಂಡಕ್ಕೆ ಮೂವತ್ತೊಂದು ಪಂದ್ಯ ಆಡಿದವಳು ಅವಳು. ಎದುರಾಳಿ ಗೋಲ್‌ಕೀಪರ್‌ಗಳ ಕಣ್ಣಲ್ಲಿ ಕಣ್ಣಿಟ್ಟು ನಿಂತವಳು. ಈಗ ಮೊಣಕಾಲೆತ್ತರದ ಕಲ್ಲಿನ ಸಾಲೊಂದರ ಈಚೆ ನಿಂತು, ಆಚೆ ಬಿಳಿ ಪಂಚೆಯುಟ್ಟು, ಎಣ್ಣೆ ಬಟ್ಟಲು ಹಿಡಿದು, ಬರಿಗಾಲಲ್ಲಿ ನಿಂತಿದ್ದ ಒಬ್ಬ ಮನುಷ್ಯನ ಮುಂದೆ ಏನೂ ತೋಚದವಳಾಗಿದ್ದಳು. ಅವನಾದರೂ ಜಗಳಕ್ಕೆ ಬಂದಿದ್ದರೆ ಸಮಾಧಾನವಾಗುತ್ತಿತ್ತು. ಅವನು ಜಗಳಕ್ಕೂ ಬರುತ್ತಿರಲಿಲ್ಲ.

ಹುದಿಕೇರಿಯಿಂದ ಶ್ರೀಮಂಗಲದ ಕಡೆಗೆ ಹೋಗುವಾಗ ಎಡಕ್ಕೆ ಸಿಗುವ ಆ ಕಾಡು ದೊಡ್ಡದೇನಲ್ಲ. ಸುತ್ತ ಕಾಫಿ ತೋಟಗಳು, ನಡುವೆ ಕತ್ತಿ ತಾಗದ ಮೂರು ಎಕರೆ ಮರಗಳು. ಒಳಗೆ ಗುಡಿಯಿಲ್ಲ, ಚಾವಣಿಯಿಲ್ಲ. ಒಂದು ಕಲ್ಲಿನ ಕಟ್ಟೆ, ಒಂದು ದೀಪ. ಕೆಲವು ದೇವರ ಕಾಡುಗಳಿಗೆ ಹೆಂಗಸರು ಹೋಗುವುದಿಲ್ಲ. ಇಲ್ಲಿ ಎಲ್ಲರೂ ಕಟ್ಟೆಯವರೆಗೆ ಹೋಗಿ ಕೈಮುಗಿಯಬಹುದು. ಇಲ್ಲಿಯ ಅಯ್ಯಪ್ಪ ಬೇಟೆಯ ದೇವರು. ಅದಕ್ಕೇ ಹರಕೆ ಹೊತ್ತವರು, ಹರಕೆ ಫಲಿಸಿದ ಮೇಲೆ, ಮಣ್ಣಿನ ನಾಯಿಯೊಂದನ್ನು ತಂದು ಅವನ ಬಳಿ ಬಿಟ್ಟು ಹೋಗುತ್ತಾರೆ. ಎಷ್ಟೋ ತಲೆಮಾರಿನ ನಾಯಿಗಳು ಅಲ್ಲಿ ಕುಳಿತಿವೆ. ಕೆಲವಕ್ಕೆ ಮೂಗಿಲ್ಲ, ಕೆಲವಕ್ಕೆ ಪಾಚಿಯ ಹಸಿರು ಶಾಲು. ಒಂದೊಂದೂ ಯಾರದೋ ಮನೆಯ ನೆಮ್ಮದಿಯ ನಿಟ್ಟುಸಿರು. ಜ್ವರ ಬಿಟ್ಟ ಮಗು, ಹೆರಿಗೆಯಲ್ಲಿ ಉಳಿದ ತಾಯಿ, ಸೇನೆಯಿಂದ ಮರಳಿದ ಮಗ.

ಆ ಕಾಡಿನ ನಿಯಮ ಒಂದೇ. ಒಳಗೆ ಹೋದ ವಸ್ತು ಹೊರಗೆ ಬರುವುದಿಲ್ಲ. ಬಿದ್ದ ಕಡ್ಡಿಯೂ ಅಷ್ಟೆ, ಒಣಗಿದ ಎಲೆಯೂ ಅಷ್ಟೆ.

ಮತ್ತು ಈಗ, ಆ ನಾಯಿಗಳ ನಡುವೆ, ಕಟ್ಟೆಯ ಪಕ್ಕದ ಮರಕ್ಕೆ ಕೆಂಪು ದಾರದಲ್ಲಿ ಕಟ್ಟಿಸಿಕೊಂಡು, ನೀಲಿ ಹಿಡಿಯ ಕಾರ್ಬನ್ ಹಾಕಿ ಸ್ಟಿಕ್ಕೊಂದು ನೇತಾಡುತ್ತಿತ್ತು.

"ಕಟ್ಟಿದ್ದು ಯಾರು?"

"ನಾನೇ. ನಿಮ್ಮ ಅಜ್ಜಿಗೆ ಕೈ ಎಟುಕ್ತಾ ಇರಲಿಲ್ಲ."

"ದೇವರೇ," ಎಂದಳು ಲಿಖಿತಾ. ಅದು ಪ್ರಾರ್ಥನೆಯಾಗಿರಲಿಲ್ಲ.

*

ಅಜ್ಜಿ ಸಿದ್ದಮ್ಮ ಅಡುಗೆಮನೆಯಲ್ಲಿ ಅಕ್ಕಿರೊಟ್ಟಿ ತಟ್ಟುತ್ತಿದ್ದರು. ಹಾಸನದ ಕಡೆಯಿಂದ ನಲವತ್ತೈದು ವರ್ಷದ ಹಿಂದೆ, ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಕೆಲಸಕ್ಕೆ ಬಂದ ಗಂಡನ ಹಿಂದೆ ಬಂದವರು. ಇಲ್ಲಿಯ ಮಳೆ, ಇಲ್ಲಿಯ ಜಿಗಣೆ, ಇಲ್ಲಿಯ ದೇವರುಗಳು ಎಲ್ಲವನ್ನೂ ತಮ್ಮವೆಂದುಕೊಂಡವರು. ಆದರೆ ದೇವರುಗಳ ಪದ್ಧತಿಯನ್ನು ಮಾತ್ರ ತಮಗೆ ತಿಳಿದಷ್ಟೇ ತಿಳಿದುಕೊಂಡಿದ್ದರು.

"ಅಜ್ಜಿ, ಎಲ್ಲರೂ ನಾಯಿ ಕೊಡ್ತಾರೆ. ನೀನ್ಯಾಕೆ ಸ್ಟಿಕ್ ಕೊಟ್ಟೆ?"

"ನಿನ್ ಮಂಡಿ ವಾಸಿ ಆದ್ರೆ ಕೊಡ್ತೀನಿ ಅಂದಿದ್ದೆ ಕಣವ್ವ. ಡಾಕ್ಟ್ರು ಓಡು ಅಂದ್ರಲ್ಲ, ಆಮೇಲೂ ಇಟ್ಕಂಡ್ರೆ ಸಾಲ ಉಳಸ್ಕಂಡಂಗೆ."

"ಅದಲ್ಲ ನಾನು ಕೇಳಿದ್ದು. ಸ್ಟಿಕ್ ಯಾಕೆ?"

ಸಿದ್ದಮ್ಮ ರೊಟ್ಟಿ ತಿರುವಿ ಹಾಕಿ, ಇಷ್ಟೂ ತಿಳಿಯದೇ ಎಂಬಂತೆ ಮೊಮ್ಮಗಳನ್ನು ನೋಡಿದರು. "ಬೇಟೆಗೆ ಹೋಗೋ ದ್ಯಾವ್ರು. ಅಷ್ಟೊಂದ್ ನಾಯಿ ಕೊಟ್ಟವ್ರೆ ಜನ. ಕೈಗೊಂದ್ ಕೋಲು ಬ್ಯಾಡ್ವಾ? ಒಬ್ರಾದ್ರೂ ಯೋಚ್ನೆ ಮಾಡವ್ರಾ?"

ಲಿಖಿತಾ ಬಾಗಿಲ ಚೌಕಟ್ಟಿಗೆ ಹಣೆ ಒತ್ತಿ ನಿಂತಳು.

"ಬ್ಯಾಗಲ್ಲಿ ಮೂರು ಸ್ಟಿಕ್ ಇತ್ತಲ್ಲ ಅಜ್ಜಿ. ಅದೇ ಬೇಕಿತ್ತಾ?"

"ಹಳೇದು, ಗೀರು ಬಿದ್ದಿದ್ದು ನೋಡಿ ತಗಂಡೆ. ನಿಂಗೆ ಹೊಸವು ಇರ್ಲಿ ಅಂತ."

ಅದೇ ಆಗಿದ್ದು. ಗೀರು ಬಿದ್ದ ಆ ಹಳೆಯ ಸ್ಟಿಕ್ಕೇ ಲಿಖಿತಾಳ ಜೀವ. ತಂಡದಲ್ಲಿ ಅವಳಿಗೆ ಜಾಗ ಕೊಟ್ಟದ್ದು ಅವಳ ಓಟವಲ್ಲ, ಪಾಸ್ ಅಲ್ಲ, ಪೆನಾಲ್ಟಿ ಕಾರ್ನರ್. ಗೋಲಿನ ಗೆರೆಯಿಂದ ಒಬ್ಬಳು ಚೆಂಡು ತಳ್ಳುತ್ತಾಳೆ, ವೃತ್ತದ ಅಂಚಿನಲ್ಲಿ ಒಬ್ಬಳು ನಿಲ್ಲಿಸುತ್ತಾಳೆ, ಲಿಖಿತಾ ಬಾಗಿ ಅದನ್ನು ಸ್ಟಿಕ್ಕಿನ ಬಾಗಿಗೆ ತಾಗಿಸಿ, ಎಳೆದು, ಬೀಸಿ ಎಸೆಯುತ್ತಾಳೆ. ಡ್ರ್ಯಾಗ್ ಫ್ಲಿಕ್. ಆ ಬಾಗು ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಚೆಂಡು ಆಕಾಶ ನೋಡುತ್ತದೆ. ಅಂಥ ಬಾಗಿನ ಸ್ಟಿಕ್ಕನ್ನು ಈಗ ಯಾರೂ ಮಾಡುತ್ತಿರಲಿಲ್ಲ.

ಮಂಡಿ ನೋವಿನಿಂದ ನಾಲ್ಕು ತಿಂಗಳು ಹೊರಗಿದ್ದಳು. ಅಷ್ಟರಲ್ಲಿ ಹರಿಯಾಣದ ಹುಡುಗಿಯೊಬ್ಬಳು ಅದೇ ಜಾಗದಲ್ಲಿ ನಿಂತು ಫ್ಲಿಕ್ ಮಾಡುತ್ತಿದ್ದಳು. ಇನ್ನು ಹತ್ತು ದಿನಕ್ಕೆ ಬೆಂಗಳೂರಿನ ಕ್ಯಾಂಪಿನಲ್ಲಿ ಟ್ರಯಲ್ಸ್. ವಿದೇಶ ಪ್ರವಾಸಕ್ಕೆ ಇಪ್ಪತ್ತು ಹೆಸರು, ಫ್ಲಿಕ್ ಮಾಡುವವಳು ಒಬ್ಬಳೇ. ಈ ಸಲ ಬಿಟ್ಟರೆ ಮತ್ತೆ ಕರೆ ಬರುವುದಿಲ್ಲ ಎಂದು ಕೋಚ್ ಮೇಡಂ ಫೋನಿನಲ್ಲಿ ಹೇಳಿರಲಿಲ್ಲ, ಹೇಳದೆ ಸುಮ್ಮನಾಗಿದ್ದರು. ಅದು ಹೇಳಿದ್ದಕ್ಕಿಂತ ಸ್ಪಷ್ಟವಾಗಿತ್ತು.

*

ಮರುದಿನ ಬೆಳಿಗ್ಗೆ ಅವಳು ಮತ್ತೆ ಕಾಡಿಗೆ ಹೋದಳು. ಅವನು ಮತ್ತೆ ಅಲ್ಲೇ ಇದ್ದ. ಹೆಸರು ನಿತೇಶ್ ಎಂದು ಅಜ್ಜಿಯಿಂದ ತಿಳಿದಿತ್ತು. ಕಾಳುಮೆಣಸಿನ ಬಳ್ಳಿಯ ನರ್ಸರಿ ಇಟ್ಟುಕೊಂಡವನು. ಈ ವರ್ಷ ದೀಪ ಹಚ್ಚುವ ಸರದಿ ಅವನ ಮನೆಯದು.

"ಒಂದು ಪಾಯಿಂಟ್ ಇದೆ," ಎಂದಳು ಲಿಖಿತಾ, ಚಪ್ಪಲಿ ಬಿಟ್ಟು ಒಳಗೆ ಬಂದು. ಟ್ರ್ಯಾಕ್ ಪ್ಯಾಂಟು, ಕೈಯಲ್ಲಿ ಹೂವು, ಮುಖದಲ್ಲಿ ಯುದ್ಧ. "ಕಾಡಿನ ಮರ ಹೊರಗೆ ಹೋಗಬಾರದು, ಅಲ್ವಾ? ಅದು ಮರದ್ದೇ ಅಲ್ಲ. ಕಾರ್ಬನ್ ಫೈಬರ್."

ಅವನು ಬಹಳ ಹೊತ್ತು ಯೋಚಿಸಿದ. ಅವಳಿಗೆ ಆಸೆ ಹುಟ್ಟಿತು.

"ನಾಯಿಗಳೂ ಮರದ್ದಲ್ಲ," ಎಂದ ಕೊನೆಗೆ. "ಮಣ್ಣಿಂದು."

"ನಿಮ್ಮ ಹತ್ರ ಮಾತಾಡೋದೂ ಒಂದೇ, ಆ ಕಟ್ಟೆ ಹತ್ರ ಮಾತಾಡೋದೂ ಒಂದೇ!"

"ಕಟ್ಟೆ ಹತ್ರ ಮಾತಾಡಿ. ಅದು ಒಳ್ಳೇದು."

ಹಾಸ್ಯವೋ ಎಂದು ನೋಡಿದಳು. ಅವನ ಮುಖ ದೀಪದಂತೆ ನೆಟ್ಟಗಿತ್ತು. ಕಣ್ಣಿನ ಅಂಚಿನಲ್ಲಿ ಮಾತ್ರ ಏನೋ ಅಲುಗಿದಂತಾಯಿತು.

ಹೂವಿಟ್ಟು ಹೊರಟವಳನ್ನು ಕಲ್ಲಿನ ಸಾಲಿನ ಬಳಿ ತಡೆದ. "ನಿಲ್ಲಿ. ನಿಮ್ಮ ಪ್ಯಾಂಟಲ್ಲಿ ಬೀಜ ಉಂಟು."

ನೋಡಿಕೊಂಡಳು. ಮೊಣಕಾಲಿನವರೆಗೆ ಹುಲ್ಲಿನ ಅಂಟುಬೀಜಗಳು, ಇನ್ನೂರಕ್ಕೆ ಕಡಿಮೆಯಿಲ್ಲ.

"ಸೋ?"

"ಅದೂ ಕಾಡಿಂದೇ. ತೆಗ್ದು ಇಲ್ಲೇ ಹಾಕ್ಬೇಕು."

"ಎಲ್ಲಾನೂ?"

"ಎಲ್ಲಾನೂ."

ಭಾರತ ತಂಡದ ಆಟಗಾರ್ತಿ ಕಲ್ಲಿನ ಮೇಲೆ ಕುಳಿತು ಒಂದೊಂದೇ ಬೀಜ ಕೀಳತೊಡಗಿದಳು. ಅವನು ಮುಟ್ಟಲಿಲ್ಲ, ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು, ಅವಳಿಗೆ ಕಾಣದ ಬೀಜಗಳನ್ನು ಬೆರಳು ತೋರಿಸಿ ಹೇಳುತ್ತಿದ್ದ. "ಹಿಂದೆ ಒಂದು. ಅದರ ಕೆಳಗೆ. ಇಲ್ಲ, ಎಡಕ್ಕೆ." ತನ್ನ ಪಂಚೆಯ ಅಂಚಿನವನ್ನೂ ಬಿಡಿಸಿಕೊಂಡ. ಮರಗಳ ಮೇಲೆ ಎಲ್ಲೋ ಹಕ್ಕಿಯೊಂದು ಒಂದೇ ಮಾತನ್ನು ಮತ್ತೆ ಮತ್ತೆ ಕೇಳುತ್ತಿತ್ತು. ಬಿಸಿಲು ಎಲೆಗಳ ಸಂದಿಯಿಂದ ಇಳಿದು ಅವನ ಕೈಯ ಮೇಲೆ ನಾಣ್ಯದಷ್ಟಗಲ ನಿಂತಿತ್ತು. ಉಗುರಿನಲ್ಲಿ ನರ್ಸರಿಯ ಮಣ್ಣು. ಅದನ್ನು ತಾನೇಕೆ ನೋಡುತ್ತಿದ್ದೇನೆಂದು ಲಿಖಿತಾಳಿಗೆ ಸಿಟ್ಟು ಬಂತು.

"ದೊಡ್ಡಪ್ಪನನ್ನ ಕೇಳಿದೆ ನಿನ್ನೆ," ಎಂದ ಅವನು, ನೆಲ ನೋಡುತ್ತ. "ಊರ ಹಿರಿಯರನ್ನೂ. ನೀವು ಕೇಳದಿದ್ದರೂ ಕೇಳಿದೆ. ಆಗೋದಿಲ್ಲ ಅಂದ್ರು."

ಅವಳು ಕೈ ನಿಲ್ಲಿಸಿದಳು.

"ಬೇರೆ ಎಂತಾದ್ರೂ ಸಹಾಯ ಬೇಕಾದ್ರೆ ಹೇಳಿ."

"ನಿಮಗೆ ಹಾಕಿ ಆಡೋಕೆ ಬರುತ್ತಾ?"

ಮನೆಮನೆಯಲ್ಲೂ ಹಾಕಿ ಆಡುವ ಕೊಡಗಿನಲ್ಲಿ ಗಂಡಸನ್ನು ಕೇಳುವ ಪ್ರಶ್ನೆಯೇ ಅಲ್ಲ ಅದು. ಆದರೆ ಅವನ ಕಿವಿ ಕೆಂಪಾಯಿತು. "ಸ್ವಲ್ಪ," ಎಂದ.

*

ಅದು ಸುಳ್ಳು. ಸ್ವಲ್ಪವೂ ಬರುತ್ತಿರಲಿಲ್ಲ.

ಶಾಲೆಯ ಮೈದಾನದಲ್ಲಿ, ಮಕ್ಕಳು ಬರುವ ಮೊದಲು, ದಿನಾ ಬೆಳಿಗ್ಗೆ ಎರಡು ತಾಸು ಅಭ್ಯಾಸ. ಅವನ ಕೆಲಸ ಇಷ್ಟೇ: ಗೋಲಿನ ಗೆರೆಯಿಂದ ಚೆಂಡನ್ನು ಅವಳ ಕಡೆಗೆ ನೇರವಾಗಿ ತಳ್ಳುವುದು. ಆ ನೇರವೊಂದೇ ಅವನಿಗೆ ಒಲಿಯಲಿಲ್ಲ. ಒಂದು ಚೆಂಡು ಪುಟಿಯುತ್ತ ಬಂದರೆ ಇನ್ನೊಂದು ಓಲಾಡುತ್ತ ಬಂತು. ಮತ್ತೊಂದು ಬರಲೇ ಇಲ್ಲ.

"ನಿತೇಶ್! ನಾನು ಇಲ್ಲಿದೀನಿ. ಇಲ್ಲಿ! ಬಾವಿ ಹತ್ರ ಅಲ್ಲ!"

"ಚೆಂಡು ತಿರುಗಿತು."

"ಚೆಂಡು ತಾನಾಗೇ ತಿರುಗಲ್ಲ. ತಿರುಗಿಸಿದ್ರೆ ತಿರುಗುತ್ತೆ. ಅಡಿಕೆ ಹೆಕ್ಕೋ ಥರ ಹಿಡೀಬೇಡಿ ಸ್ಟಿಕ್ಕನ್ನ. ಎಡಗೈ ಮೇಲೆ. ಅದು ಬಲಗೈ!"

ಬೇಲಿಯಾಚೆಯಿಂದ ಮಣ್ಣು ಹೊತ್ತು ಹೋಗುತ್ತಿದ್ದ ಮಾಯಿಲಪ್ಪ ಬುಟ್ಟಿ ಇಳಿಸಿ ನಿಂತ. ದೇವರ ಕಾಡಿಗೆ ನಾಯಿಗಳನ್ನು ಮಾಡಿಕೊಡುವ ಮುದುಕ ಅವನೇ. "ಮೋಳೆ, ಅವನನ್ನ ಬಿಟ್ಟುಬಿಡು," ಎಂದ, ಮಗಳನ್ನು ಕರೆಯುವಂತೆ. "ಶಾಲೆಯಲ್ಲಿದ್ದಾಗ ಇವನು ಟೀಮಲ್ಲಿದ್ರೆ ಎದುರಿನವರು ಖುಷಿಪಡ್ತಿದ್ರು."

"ತಾತ, ಬೇರೆ ಯಾರೂ ಸಿಗಲಿಲ್ಲ!"

"ಸಿಗಲಿಲ್ವಾ, ಹುಡುಕಲಿಲ್ವಾ?"

ಲಿಖಿತಾ ಚೆಂಡಿನ ಕಡೆ ತಿರುಗಿದಳು. ಊರಲ್ಲಿ ಮನೆಗೆ ಇಬ್ಬರಂತೆ ಹಾಕಿ ಆಡುವವರಿದ್ದರು. ಹುಡುಕಿರಲಿಲ್ಲ.

ಹೊಸ ಸ್ಟಿಕ್ಕಿನಲ್ಲಿ ಹತ್ತಕ್ಕೆ ಮೂರು ಚೆಂಡು ಗೋಲಿಗೆ ಹೋಗುತ್ತಿದ್ದವು. ಉಳಿದವು ಕಂಬದ ಮೇಲೆ ಹಾರಿ ಕಾಫಿ ಗಿಡಗಳೊಳಗೆ ಬೀಳುತ್ತಿದ್ದವು. ಅವನು ಪ್ರತಿಸಲವೂ, ಏನೂ ಅನ್ನದೆ, ಹೋಗಿ ಹೆಕ್ಕಿ ತರುತ್ತಿದ್ದ. ತಂದವನು ಚೆಂಡನ್ನು ಅಂಗಿಯಲ್ಲಿ ಒರೆಸಿ, ಹಣ್ಣು ಕೊಡುವಂತೆ ಎರಡೂ ಕೈಯಲ್ಲಿ ಕೊಡುತ್ತಿದ್ದ. ಅದು ಅವಳನ್ನು ಇನ್ನಷ್ಟು ರೇಗಿಸುತ್ತಿತ್ತು. ಯಾಕೆಂದರೆ ಆ ಕ್ಷಣಕ್ಕೆ ಅವಳಿಗೆ ಬಯ್ಯುವ ಮಾತು ಮರೆತುಹೋಗುತ್ತಿತ್ತು.

ಆರನೆಯ ದಿನ ಎಂಟು ಚೆಂಡು ಸಾಲಾಗಿ ಮೇಲೆ ಹಾರಿದವು. ಲಿಖಿತಾ ಸ್ಟಿಕ್ ಎಸೆದು ನೆಲದಲ್ಲಿ ಕುಳಿತಳು.

"ನನ್ನ ಕೈಲಿ ಆಗಲ್ಲ."

ಅವನು ದೂರದಲ್ಲಿ ನಿಂತೇ ಇದ್ದ.

"ಅಜ್ಜಿ ಎರಡು ವರ್ಷ ಕಾಫಿ ಪಿಕ್ಕಿಂಗಿಗೆ ಹೋಗಿ ನಂಗೆ ಶೂ ಕೊಡಿಸಿದ್ರು. ಟೀವಿಲಿ ನನ್ನ ನೋಡೋಕೆ ಅಂತ ಕಣ್ಣಿನ ಆಪರೇಷನ್ ಮಾಡಿಸ್ಕೊಂಡ್ರು. ಈಗ ಅವರೇ... ಅವರಿಗೆ ಬಯ್ಯೋಕೂ ಆಗಲ್ಲ. ನಿಮಗೆ ಬೈದು ಬೈದು ಸಾಕಾಯ್ತು."

"ನನಗೆ ಸಾಕಾಗಲಿಲ್ಲ," ಎಂದ ನಿತೇಶ್.

ಅವಳು ತಲೆ ಎತ್ತಿದಳು. ಅವನು ಆಗಲೇ ಚೆಂಡು ಹುಡುಕಲು ಕಾಫಿ ಗಿಡಗಳ ಕಡೆ ಹೊರಟಿದ್ದ.

*

ಹೊರಡುವ ಹಿಂದಿನ ದಿನ ಬೆಳಿಗ್ಗೆ ಬಾಗಿಲು ತೆಗೆದರೆ, ಜಗಲಿಯ ಕಂಬಕ್ಕೆ ಒರಗಿ ನೀಲಿ ಹಿಡಿಯ ಸ್ಟಿಕ್ ನಿಂತಿತ್ತು. ಹಿಡಿಯಲ್ಲಿ ಕೆಂಪು ದಾರದ ತುಂಡು ಇನ್ನೂ ಇತ್ತು.

ಹಿರಿಯರು ಒಪ್ಪಿದ್ದಾರೆ ಎಂದುಕೊಂಡಳು. ಬೇರೆ ಯಾವುದೂ ಹೊಳೆಯಲಿಲ್ಲ. ಒಂದೇ ಚೆಂಡು ಹಿಡಿದು ಮೈದಾನಕ್ಕೆ ಓಡಿದಳು. ಚೆಂಡಿಟ್ಟಳು, ಬಾಗಿದಳು, ಎಳೆದಳು. ಚೆಂಡು ನೆಲದಿಂದ ಗೇಣೆತ್ತರದಲ್ಲಿ ಹೋಗಿ ಗೋಲಿನ ಹಲಗೆಯ ಎಡಮೂಲೆಗೆ ಬಡಿಯಿತು. ನಾಲ್ಕು ತಿಂಗಳು ಅವಳು ಕನಸಿನಲ್ಲಿ ಕೇಳಿದ್ದ ಸದ್ದು.

ಅವನಿಗೆ ಹೇಳಬೇಕು ಎಂಬುದೇ ಮೊದಲು ಬಂದ ಯೋಚನೆ. ಕಾಡಿಗೆ ಹೋದಳು. ಕಟ್ಟೆಯ ಮೇಲೆ ದೀಪ ಹಚ್ಚಿರಲಿಲ್ಲ. ಎಣ್ಣೆ ಬಟ್ಟಲು ಕಲ್ಲಿನ ಸಾಲಿನ ಹೊರಗೆ, ನೆಲದ ಮೇಲಿತ್ತು.

ಅವನು ನರ್ಸರಿಯಲ್ಲಿದ್ದ. ಮೆಣಸಿನ ಬಳ್ಳಿ ತುಂಡು ಮಾಡಿ, ಒಂದೊಂದನ್ನೇ ಮಣ್ಣು ತುಂಬಿದ ಪ್ಲಾಸ್ಟಿಕ್ ಚೀಲಕ್ಕೆ ಊರುತ್ತಿದ್ದ. ತಲೆ ಎತ್ತಲಿಲ್ಲ.

"ದೀಪ ಯಾಕೆ ಹಚ್ಚಿಲ್ಲ?"

"ನಾಳೆಯಿಂದ ಹಚ್ಚೋಕೆ ದೊಡ್ಡಪ್ಪನ ಮಗನಿಗೆ ಹೇಳ್ತೇನೆ. ನಾನಿನ್ನು ಆ ಕಾಡಿಗೆ ಕಾಲಿಡೋ ಹಾಗಿಲ್ಲ."

"ಯಾರು ಹೇಳಿದ್ದು?"

"ಯಾರೂ ಹೇಳಲಿಲ್ಲ. ಯಾರಿಗೂ ಗೊತ್ತಿಲ್ಲ ಇನ್ನೂ. ನನಗೆ ಗೊತ್ತುಂಟಲ್ಲ."

ಲಿಖಿತಾಳ ಕೈಯಲ್ಲಿ ಸ್ಟಿಕ್ ಭಾರವಾಯಿತು. ಹಿರಿಯರು ಒಪ್ಪಿರಲಿಲ್ಲ. ಇವನು ಒಬ್ಬನೇ ಹೋಗಿ ದಾರ ಬಿಚ್ಚಿದ್ದ. ಹುಲ್ಲಿನ ಬೀಜವನ್ನೂ ಹೊರಗೆ ಬಿಡದವನು.

"ನಿಮಗೆ ತಲೆ ಕೆಟ್ಟಿದೆಯಾ? ನಾನು ಅಷ್ಟು ಗೋಗರೆದಾಗ ಕೊಡಲಿಲ್ಲ. ಈಗ ಯಾಕೆ?"

"ಮೊನ್ನೆ ನೀವು ನೆಲದ ಮೇಲೆ ಕೂತ್ರಲ್ಲ," ಎಂದ. ಚೀಲದ ಮಣ್ಣನ್ನು ಬೆರಳಲ್ಲಿ ಒತ್ತಿದ. "ಅದನ್ನ ನೋಡೋಕಾಗಲಿಲ್ಲ."

ಕೆಲವೊಮ್ಮೆ ಮನುಷ್ಯನಿಗೆ, ಬೇಡಿದ್ದು ಕೈಗೆ ಬಂದಾಗಲೇ ಅದರ ತೂಕ ತಿಳಿಯುತ್ತದೆ. ಲಿಖಿತಾ ಸ್ಟಿಕ್ಕಿನ ಬಾಗನ್ನು ಒಮ್ಮೆ ಹೆಬ್ಬೆರಳಲ್ಲಿ ಸವರಿದಳು. ಮೂರು ವರ್ಷ, ಹತ್ತೊಂಬತ್ತು ಗೋಲು. ಆಮೇಲೆ ಮೂಗೊರೆಸಿಕೊಂಡು ಹೇಳಿದಳು:

"ಏಳಿ. ಕೈ ತೊಳ್ಕೊಳ್ಳಿ. ನಡೀರಿ."

"ಎಲ್ಲಿಗೆ?"

"ಇದನ್ನ ಎಲ್ಲಿಂದ ಕದ್ದು ತಂದ್ರೋ ಅಲ್ಲಿಗೆ. ನಿಮ್ಮನ್ನ ದೇವರ ಹತ್ರ ಹೋಗೋ ಹಾಗಿಲ್ಲ ಅಂತ ಮಾಡಿಬಿಟ್ಟು ನಾನು ಗೋಲ್ ಹೊಡೀಬೇಕಾ? ಏನು ಅಂದ್ಕೊಂಡಿದೀರ ನನ್ನ?"

ಇಬ್ಬರೂ ಹೋದರು. ಕಲ್ಲಿನ ಸಾಲಿನ ಬಳಿ ಅವನು ನಿಂತುಬಿಟ್ಟ. ಅವಳು ಅವನ ಅಂಗಿಯ ತೋಳು ಹಿಡಿದು ಒಳಕ್ಕೆ ಎಳೆದಳು. ಸ್ಟಿಕ್ಕನ್ನು ಅದೇ ಮರಕ್ಕೆ ತನ್ನ ಕೈಯಾರೆ ಕಟ್ಟಿದಳು. ಆಟಗಾರ್ತಿಯ ಗಂಟು, ಸುಲಭಕ್ಕೆ ಬಿಚ್ಚದ್ದು.

"ಸ್ವಾಮಿ, ಇವರು ಪೆದ್ದರು. ತಪ್ಪು ನಂದು. ಬೈಯೋದಿದ್ರೆ ನನಗೆ ಬೈ," ಎಂದು ಗಟ್ಟಿಯಾಗಿ ಹೇಳಿ ಕೈಮುಗಿದಳು. ಅವನು ಬಹಳ ಹೊತ್ತು ಕಣ್ಣು ಮುಚ್ಚಿ ನಿಂತಿದ್ದ. ಆಮೇಲೆ ದೀಪ ಹಚ್ಚಿದ. ಗಾಳಿಯಿತ್ತು, ದೀಪ ಅಲುಗಲಿಲ್ಲ. ಅಲುಗದ್ದನ್ನು ಇಬ್ಬರೂ ನೋಡಿದರು.

ಮನೆಗೆ ಹೋಗುವ ದಾರಿಯಲ್ಲಿ ಅವಳೊಬ್ಬಳೇ ಮಾಯಿಲಪ್ಪನ ಅಂಗಳಕ್ಕೆ ಹೋಗಿ, ಅವನಿಂದ ಹೇಳಿಸಿಕೊಳ್ಳುತ್ತ, ಎರಡು ನಾಯಿ ಮಾಡಿದಳು. ಒಂದು ಹಂದಿಯಂತಿತ್ತು. ಇನ್ನೊಂದರ ಕಿವಿ ಮೇಲೆ ಕೆಳಗಾಗಿತ್ತು.

"ಒಣಗಿಸಿ ಸುಟ್ಟು ಇಡ್ತೇನೆ," ಎಂದ ಮಾಯಿಲಪ್ಪ. "ಹರಕೆ ಒಂದಕ್ಕೆ ಒಂದು ನಾಯಿ ಸಾಕಲ್ಲ. ಎರಡು ಯಾಕೆ?"

"ಒಂದು ಒಡೆದುಹೋದ್ರೆ ಅಂತ."

ಮುದುಕ ಅವಳ ಮುಖ ನೋಡಿ, ಕಿವಿ ವಕ್ರವಾದ ನಾಯಿಯನ್ನು ಒಡೆಯದ ಹಾಗೆ ಒಳಗಿನ ಮೂಲೆಯಲ್ಲಿಟ್ಟ.

*

ಗೋಣಿಕೊಪ್ಪದಲ್ಲಿ ಬೆಂಗಳೂರು ಬಸ್ಸು ಹತ್ತಿ ಕುಳಿತ ಮೇಲೆ ಅವಳಿಗೆ ಅದು ಕಂಡದ್ದು. ಎಡಗಾಲ ಸಾಕ್ಸಿನ ಮಡಿಕೆಯಲ್ಲಿ ಒಂದೇ ಒಂದು ಅಂಟುಬೀಜ. ನಿತೇಶ್‌ಗೆ ಫೋನ್ ಮಾಡಿದಳು.

"ಒಂದು ಬೀಜ ನನ್ನ ಜೊತೆ ಬಂದ್ಬಿಟ್ಟಿದೆ."

"ಬಿಸಾಡ್ಬೇಡಿ," ಎಂದ ಅವನು. "ವಾಪಸ್ ತರ್ಬೇಕು."

"ಕೊರಿಯರ್ ಮಾಡ್ಲಾ?"

"ಇಲ್ಲ. ತಗೊಂಡು ಹೋದವರೇ ತರ್ಬೇಕು."

"ಇದು ನಿಯಮನಾ, ಈಗ ನೀವು ಮಾಡಿದ್ದಾ?"

ಬಸ್ಸು ತಿತಿಮತಿ ದಾಟಿತು. ಸಿಗ್ನಲ್ ಹೋಯಿತು. ಉತ್ತರ ಬರಲಿಲ್ಲ. ಮೈಸೂರಿನವರೆಗೂ ಅವಳು ಅವನಿಗೆ ಮನಸ್ಸಿನಲ್ಲೇ ಬೈಯುತ್ತ ಹೋದಳು. ಬೀಜವನ್ನು ಫೋನಿನ ಕವರಿನೊಳಗೆ ಜೋಪಾನವಾಗಿ ಇಟ್ಟಿದ್ದಳು.

ಟ್ರಯಲ್ಸಿನ ಕೊನೆಯ ದಿನ ಹತ್ತು ಹತ್ತು ಪೆನಾಲ್ಟಿ ಕಾರ್ನರ್. ಟರ್ಫಿಗೆ ನೀರು ಹೊಡೆಸಿದ್ದರು. ಬಿಸಿಲಿಗೆ ಅಲ್ಲಲ್ಲಿ ಆರಿ, ಚೆಂಡು ಒಮ್ಮೆ ಜಾರುತ್ತಿತ್ತು, ಒಮ್ಮೆ ತಡೆಯುತ್ತಿತ್ತು. ತಳ್ಳುವವಳಿಗೆ ಅಳತೆ ಸಿಗಲಿಲ್ಲ. ನಿಲ್ಲಿಸುವವಳ ಸ್ಟಿಕ್ಕಿಗೆ ತಾಗಿ ಚೆಂಡು ಪುಟಿಯುತ್ತಿತ್ತು. ಹರಿಯಾಣದ ಹುಡುಗಿಯ ಫ್ಲಿಕ್ ಲಿಖಿತಾಳದಕ್ಕಿಂತ ಜೋರು. ಆದರೆ ಚೆಂಡು ನಿಂತರೆ ಮಾತ್ರ. ನಿಲ್ಲದ ಚೆಂಡಿನ ಮುಂದೆ ಅವಳ ಹೆಜ್ಜೆ ತಪ್ಪಿತು. ಹತ್ತಕ್ಕೆ ನಾಲ್ಕು.

ಲಿಖಿತಾಳ ಸರದಿ ಬಂತು. ಮೊದಲ ಚೆಂಡು ಓಲಾಡುತ್ತ, ಬಲಕ್ಕೆ ಸರಿಯುತ್ತ ಬಂತು. ಅವಳಿಗೆ ನಗು ಬಂತು. ನಿತೇಶ್ ತಳ್ಳಿದ ಚೆಂಡುಗಳ ಮುಂದೆ ಇದು ಮೆರವಣಿಗೆಯಂತೆ ನೆಟ್ಟಗೆ ಬಂದ ಹಾಗಿತ್ತು. ಪಾದ ತಾನಾಗಿಯೇ ತಡಮಾಡಿ ಊರಿತು, ಸೊಂಟ ತಿರುಗಿತು, ಹೊಸ ಸ್ಟಿಕ್ಕಿನ ಬಾಗು ಚೆಂಡನ್ನು ಹಿಡಿಯಿತು. ಹತ್ತಕ್ಕೆ ಏಳು.

"ಈ ಉರುಳೋ ಚೆಂಡಿಗೆ ಎಲ್ಲಿ ಪ್ರಾಕ್ಟೀಸ್ ಮಾಡಿದೆ?" ಎಂದು ಕೇಳಿದರು ಕೋಚ್ ಮೇಡಂ.

"ಊರಲ್ಲಿ ಒಬ್ಬರಿದ್ದಾರೆ ಮೇಡಂ. ಬಹಳ ಸ್ಪೆಷಲ್ ಪುಷರ್."

ಪಟ್ಟಿಯಲ್ಲಿ ಹದಿನೇಳನೆಯದು ಅವಳ ಹೆಸರು.

*

ವಿಮಾನ ಹತ್ತುವ ಮೊದಲು ನಾಲ್ಕು ದಿನ ರಜೆ ಸಿಕ್ಕಿತು. ಅಷ್ಟರಲ್ಲಿ ಕಾಫಿ ಅರಳಿಸುವ ಹೂಮಳೆ ಬಿದ್ದು, ಹುದಿಕೇರಿಯ ತೋಟಗಳೆಲ್ಲ ಬೆಳ್ಳಗೆ ಅರಳಿ ಗಮಗುಡುತ್ತಿದ್ದವು. ಅಜ್ಜಿ ಬಸ್ ಸ್ಟ್ಯಾಂಡಿಗೇ ಬಂದಿದ್ದರು. "ನೋಡ್ದಾ? ಕೋಲು ಕೊಟ್ಟಿದ್ಕೇ ಆಗಿದ್ದು," ಎಂದರು. ಲಿಖಿತಾ ಅವರ ಜೊತೆ ವಾದಿಸಲಿಲ್ಲ. ವಾದಿಸಿ ಗೆದ್ದವರು ಯಾರೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಕಲ್ಲಿನ ಸಾಲಿನ ಈಚೆ ಅವಳು ನಿಂತಳು. ಎರಡು ಕೈಯಲ್ಲಿ ಎರಡು ನಾಯಿ. ಆಚೆ ಅವನು, ಅದೇ ಬಿಳಿ ಪಂಚೆ, ಅದೇ ಎಣ್ಣೆ ಬಟ್ಟಲು.

"ಮೊದಲು ಇದು." ನಾಯಿಗಳನ್ನು ಕಲ್ಲಿನ ಮೇಲಿಟ್ಟು, ಫೋನಿನ ಕವರಿನಿಂದ ಬೀಜ ತೆಗೆದು ಕೊಟ್ಟಳು. ಅವನು ಅದನ್ನು ಅಂಗೈಯಲ್ಲಿ ಹಿಡಿದು, ಬಾಗಿ, ಕಲ್ಲಿನ ಒಳಬದಿಯ ಮಣ್ಣಿನಲ್ಲಿ ಒತ್ತಿಟ್ಟ.

"ಇದು ಟೀಮಿಗೆ ಸೆಲೆಕ್ಟ್ ಆಗಿದ್ದಕ್ಕೆ." ಹಂದಿಯಂಥ ನಾಯಿಯನ್ನು ತಾನೇ ಒಳಗೆ ಹೋಗಿ ಕಟ್ಟೆಯ ಬಳಿ ಇಟ್ಟು ಬಂದಳು. ಬಂದು ಮತ್ತೆ ಸಾಲಿನ ಹೊರಗೆ ನಿಂತು, ಕಲ್ಲಿನ ಮೇಲಿಂದ ಆ ವಕ್ರಕಿವಿಯದನ್ನು ಎತ್ತಿಕೊಂಡಳು.

"ಇನ್ನೊಂದು ಯಾವ ಹರಕೆಗೆ?" ಎಂದ ಅವನು.

"ಅದು ಫಲಿಸಿದೆಯೋ ಇಲ್ವೋ ಗೊತ್ತಿಲ್ಲ."

"ಫಲಿಸಿದ ಮೇಲೇ ಇಡ್ಬೇಕು. ಮೊದಲೇ ಇಡೋ ಹಾಗಿಲ್ಲ."

"ಗೊತ್ತು ರೀ ನಿಯಮ! ಅದಕ್ಕೇ ಹೊರಗೆ ನಿಂತ್ಕೊಂಡು ಕೇಳ್ತಿರೋದು. ಫಲಿಸಿದೆಯಾ, ಇಲ್ವಾ?"

"ನನ್ನನ್ನ ಕೇಳಿದ್ರೆ?"

"ಮತ್ಯಾರನ್ನ ಕೇಳ್ಲಿ? ಮಾಯಿಲಪ್ಪ ತಾತನ್ನ? ಹೂಂ ಅಂದ್ರೆ ಇಡಿ. ಇಲ್ಲ ಅಂದ್ರೆ ಬ್ಯಾಗಲ್ಲಿ ಹಾಕ್ಕೊಂಡು ವಿಮಾನ ಹತ್ತೀನಿ. ಬೀಜದ ಬಗ್ಗೆ ಬಸ್ಸಲ್ಲಿ ಕೇಳಿದ್ದಕ್ಕೂ ಇನ್ನೂ ಉತ್ತರ ಕೊಟ್ಟಿಲ್ಲ ನೀವು."

ಅವನು ಎಣ್ಣೆ ಬಟ್ಟಲನ್ನು ಕೆಳಗಿಟ್ಟ. ಕೈಯನ್ನು ಪಂಚೆಗೆ ಒರೆಸಿಕೊಂಡ. ಅವಳ ಕಡೆ ನೋಡಲಿಲ್ಲ. ನಾಯಿಯ ಕಡೆ ನೋಡಿದ, ಮೇಲೊಂದು ಕೆಳಗೊಂದು ಕಿವಿಯ ಕಡೆ. ಕಣ್ಣಿನ ಅಂಚಿನಲ್ಲಿ ಅಂದು ಅಲುಗಿದ್ದು ಈಗ ಮುಖವೆಲ್ಲ ಹರಡಿತು. ಎರಡೂ ಕೈ ಚಾಚಿ, ಹಣ್ಣು ತೆಗೆದುಕೊಳ್ಳುವಂತೆ, ನಾಯಿಯನ್ನು ತೆಗೆದುಕೊಂಡ.

ಒಳಗೆ ನಡೆದ. ನೀಲಿ ಹಿಡಿಯ ಸ್ಟಿಕ್ಕಿನ ಕೆಳಗೆ, ಪಾಚಿಗಟ್ಟಿದ ಎರಡು ಮುದಿ ನಾಯಿಗಳನ್ನು ಮೆಲ್ಲನೆ ಸರಿಸಿ, ನಡುವೆ ಜಾಗ ಮಾಡಿ, ಅದನ್ನಿಟ್ಟ. ಕೈಮುಗಿದ. ಅಂಗಾಲು ಒರೆಸಿಕೊಂಡು ಮರಳಿ ಬಂದ.

"ಇಟ್ಟೆ," ಎಂದ.

ಲಿಖಿತಾ ಕಾದಳು. ಹಕ್ಕಿಯೊಂದು ಮೂರು ಸಲ ಕೂಗಿತು.

"ಅಷ್ಟೇನಾ?"

"ಮತ್ತೆ ಎಂತ?" ಈಗ ಅವನು ನೇರವಾಗಿ ಅವಳನ್ನೇ ನೋಡಿದ. "ಅಲ್ಲಿಗೆ ಹೋದದ್ದು ವಾಪಸ್ ಬರೋದಿಲ್ಲ."

ಅವಳು ಏನೋ ಬೈಯಲು ಬಾಯಿ ತೆರೆದಳು. ಆಮೇಲೆ, ಬೈಯುವ ಬದಲು, ಕಲ್ಲಿನ ಮೇಲೆ ಕುಳಿತು, ಅವನ ಪಂಚೆಯ ಅಂಚು ಹಿಡಿದೆಳೆದು, "ನಿಲ್ಲಿ ಅಲ್ಲೇ, ಬೀಜ ಇದೆ," ಎಂದು ಒಂದೊಂದಾಗಿ ಕೀಳತೊಡಗಿದಳು. ಅವನು ನಿಂತ. ಇದ್ದದ್ದು ಮೂರೇ ಬೀಜ. ಅವಳು ಬಹಳ ಹೊತ್ತು ತೆಗೆದುಕೊಂಡಳು.